ತೊಟ್ಟಿಲು ಕೊಂಡ ಚಳಿಗಾಲ

ಮೊನ್ನೆ ಕಣ್ಣು ತೋರಿಸಿಕೊಳ್ಳಲು ಹೊರಟಿದ್ದೆ. ಸೇತುವೆಯ ಮೇಲೆ ಬಸ್ಸು ನಿಂತಿತು. ಕೆಳಗೆ ಮುಳಾ-ಮುಠಾ ಹೊಳೆ. ಕಿಟಕಿಯಿಂದ ಎರಡು ವಾಸನೆ ಒಟ್ಟಿಗೆ ಬಂದವು. ಒಂದು ಹೊಳೆಯ ಕೊಳೆತ ನಾತ, ಇನ್ನೊಂದು ಬೆಣ್ಣೆ ಹಾಕಿ ಹುರಿದ ಮೆಕ್ಕೆಜೋಳದ ಅರಳಿನ ಘಮ. ಪುಣೆಯಲ್ಲಿ ಈ ಎರಡೂ ಕೂಡಿ ಬರುವ ಜಾಗ ನನಗೆ ಗೊತ್ತಿರುವುದು ಒಂದೇ, ಹೊಳೆದಂಡೆಯ ಆ ಮಾಲು. ಪಕ್ಕದಲ್ಲಿ ಕೂತವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ. ಶರಣಮ್ಮನ ಜೊತೆ ಅಲ್ಲಿ ಒಂದು ಇಡೀ ದಿನ ತಿರುಗಿದ್ದೆ. ಆ ಚಳಿಗಾಲ ಅಂದಿನಿಂದ ತಲೆಯೊಳಗೆ ಕೂತಿದೆ. ಹೊರಗೆ ಹಾಕಿಬಿಡುತ್ತೇನೆ.

ಶರಣಮ್ಮನೂ ನಾನೂ ಯಾದಗಿರಿ ಕಡೆಯವರು, ಊರು ಬೇರೆ ಬೇರೆ. ಪುಣೆಯಲ್ಲಿ ಕಟ್ಟಡದ ಕೆಲಸದಲ್ಲಿ ಗುರುತಾಯಿತು. ಅವಳು ಕಲಸಿದ ಸಿಮೆಂಟನ್ನು ಬುಟ್ಟಿಗೆ ತುಂಬುತ್ತಿದ್ದಳು, ನಾನು ಹೊರುತ್ತಿದ್ದೆ. ಇಬ್ಬರ ಗಂಡಂದಿರೂ ಸತ್ತರು. ನನ್ನವನು ಕುಡಿದು, ಅವಳವನು ಕಾಮಾಲೆಯಾಗಿ. ಅವಳಿಗೆ ಒಬ್ಬಳೇ ಮಗಳು, ಲಕ್ಷ್ಮಿ. ನನಗೆ ಮಕ್ಕಳಾಗಲಿಲ್ಲ. ಅದನ್ನು ಒಮ್ಮೆ ಹೇಳಿದೆ, ಮುಗಿಯಿತು. ಮೊಣಕಾಲು ಸೋತ ಮೇಲೆ ಇಬ್ಬರೂ ಬುಟ್ಟಿ ಬಿಟ್ಟು ಖರಾಡಿ ಕಡೆಯ ಫ್ಲಾಟುಗಳ ಒಂದು ದೊಡ್ಡ ಸೊಸಾಯಿಟಿಯಲ್ಲಿ ಮೆಟ್ಟಿಲು ಗುಡಿಸಿ ಒರೆಸುವ ಕೆಲಸ ಹಿಡಿದೆವು. ಇರುವುದಕ್ಕೆ ತಗಡಿನ ಒಂದು ಖೋಲಿ. ಒಲೆ ಒಂದೇ. ಅವಳು ರೊಟ್ಟಿ ಬಡಿಯುವಳು, ನಾನು ಪಲ್ಯ ಮಾಡುವವಳು. ಜಗಳ ಎಂದರೆ ಒಂದೇ, ಅವಳು ನಿದ್ದೆಯಲ್ಲೂ ಮಾತಾಡುತ್ತಿದ್ದಳು. ಹಗಲಿನ ಮಾತು ಸಾಲುತ್ತಿರಲಿಲ್ಲವೇನೋ.

ಲಕ್ಷ್ಮಿ ಪುಣೆಯಾಚೆ ರಾಂಜಣಗಾಂವದಲ್ಲಿರುತ್ತಾಳೆ. ಅವಳ ಗಂಡನಿಗೆ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಕೆಲಸ. ಅತ್ತೆ ಮಾವ ಇಲ್ಲ. ಮೊದಲ ಸಲ ಬಸುರಿಯಾದಾಗ ಆತುರಪಟ್ಟು ಮುಂಚೆಯೇ ತೊಟ್ಟಿಲು ತಂದಿಟ್ಟಿದ್ದರು. ನೆರೆಮನೆಯ ಮಕ್ಕಳು ಬಂದು ಬಂದು ಆ ಖಾಲಿ ತೊಟ್ಟಿಲನ್ನು ತೂಗುತ್ತಿದ್ದರು. ಏಳನೆಯ ತಿಂಗಳಿಗೆ ಕೂಸು ಹೊಟ್ಟೆಯಲ್ಲೇ ಹೋಯಿತು. ಖಾಲಿ ತೊಟ್ಟಿಲು ತೂಗಿದ್ದಕ್ಕೇ ಹೋಯಿತು ಎಂದು ಶರಣಮ್ಮ ಇವತ್ತಿಗೂ ಹೇಳುತ್ತಾಳೆ. ಲಕ್ಷ್ಮಿಯ ಮೈಯಲ್ಲಿ ರಕ್ತ ಕಡಿಮೆ ಇದೆ ಎಂದು ಡಾಕ್ಟರು ಹೇಳಿದ್ದನ್ನು ನಾನೂ ಕೇಳಿಸಿಕೊಂಡಿದ್ದೆ. ಅದನ್ನು ಶರಣಮ್ಮನಿಗೆ ನೆನಪಿಸಲು ಹೋಗಲಿಲ್ಲ. ಮಗಳ ಕೂಸು ಹೋದವಳ ಮುಂದೆ ಡಾಕ್ಟರ ಮಾತು ಹಿಡಿದು ವಾದ ಮಾಡಿ ಏನು ಬರುತ್ತದೆ?

ಆ ವರ್ಷ ದೀಪಾವಳಿ ಮುಗಿದು ಚಳಿ ಹತ್ತಿದಾಗ ಲಕ್ಷ್ಮಿ ಮತ್ತೆ ಹಡೆದಳು. ಹೆಣ್ಣು. ತಾಯಿ ಕೂಸು ಇಬ್ಬರೂ ಗಟ್ಟಿ. ಸುದ್ದಿ ಬಂದಾಗ ಶರಣಮ್ಮ ಮೂರನೆಯ ಮಹಡಿಯ ಮೆಟ್ಟಿಲ ಮೇಲೆ ಬಕೀಟು ಇಟ್ಟು ಕೂತುಬಿಟ್ಟಳು. ನಾನು ಅವಳ ಪಾಲಿನ ಮೆಟ್ಟಿಲನ್ನೂ ಒರೆಸಿದೆ.

ನಮ್ಮಲ್ಲಿ ಬಾಣಂತನ ತವರಿನದು. ಹೆಸರಿಡುವುದೂ ತವರಲ್ಲಿ, ತೊಟ್ಟಿಲು ಕೊಡುವುದೂ ತವರಿನವರು. ಐದು ತಿಂಗಳು ತುಂಬಿದ ಮೇಲೆ ಕೂಸನ್ನೂ ತೊಟ್ಟಿಲನ್ನೂ ಕೂಡಿಸಿ ಗಂಡನ ಮನೆಗೆ ಕಳಿಸುತ್ತಾರೆ. ಲಕ್ಷ್ಮಿಗೆ ತವರು ಎಂದರೆ ತಾಯಿ ಇರುವ ಮನೆ, ಅಂದರೆ ನಮ್ಮ ಖೋಲಿ. ನಾನು ಹಾಗೇ ತಿಳಿದೆ. ಶರಣಮ್ಮ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಕೇಳುವಂಥದ್ದು ಏನಿತ್ತು? ಹೊತ್ತು ಯಾವ ಕಡೆ ಹುಟ್ಟುತ್ತದೆ ಎಂದು ಯಾರೂ ಕೇಳುವುದಿಲ್ಲ.

ನಾನು ತಯಾರಿ ಮಾಡಿದೆ. ಗಾಳಿ ನುಗ್ಗುವ ತಗಡಿನ ಸಂದುಗಳಿಗೆ ಹಳೆಯ ಸೀರೆ ತುರುಕಿ ಮುಚ್ಚಿದೆ. ಬಾಣಂತಿಗೆ ಕಾಸಲು ಇದ್ದಿಲಿನ ಶಗಡಿ ತಂದೆ. ಅಂಟು, ಒಣಕೊಬ್ಬರಿ, ಉತ್ತತ್ತಿ ತಂದು ಅಂಟಿನುಂಡಿ ಕಟ್ಟಿ ಡಬ್ಬಿ ತುಂಬಿಟ್ಟೆ. ಮೇಲಿನ ಕಬ್ಬಿಣದ ಪೈಪಿಗೆ ವೆಲ್ಡಿಂಗಿನವನನ್ನು ಕರೆಸಿ ತೊಟ್ಟಿಲು ತೂಗುಹಾಕುವ ಕೊಕ್ಕೆ ಹಚ್ಚಿಸಿದೆ. ಅವನು ಹೋದ ಮೇಲೆ ಸ್ಟೂಲು ಹತ್ತಿ ಕೊಕ್ಕೆಗೆ ಎರಡೂ ಕೈ ಹಾಕಿ ನಾನೇ ಜೋತುಬಿದ್ದು ನೋಡಿದೆ. ಅಷ್ಟರಲ್ಲಿ ಶರಣಮ್ಮ ಬಂದಳು.

"ಏ ಭೀಮಕ್ಕಾ, ಇಳಿ! ತಗಡು ಕಿತ್ತು ಬಂದ್ರ ಇಬ್ಬರೂ ಬಯಲಿಗಿ ಬೀಳ್ತೀವಿ."

"ನನ್ನ ಭಾರ ತಡದ್ರ ಕೂಸಿಂದು ತಡೀಯಂಗಿಲ್ಲೇನು?"

"ನಿನ್ನ ಭಾರ ತಡದ್ರ ಎಮ್ಮೀನೂ ಕಟ್ಟಬಹುದು."

ನಕ್ಕಳು. ನಕ್ಕವಳು ಕೊಕ್ಕೆಯನ್ನು ನೋಡಿ ನಗು ನಿಲ್ಲಿಸಿ, ನೀರು ತರುತ್ತೇನೆ ಎಂದು ಹೊರಗೆ ಹೋದಳು. ಕೊಡದ ತುಂಬ ನೀರಿತ್ತು. ಆಗ ನನಗೆ ಏನೂ ಅನ್ನಿಸಲಿಲ್ಲ.

ಇಬ್ಬರಿಗೂ ರಜೆ ಹೊಂದಿದ ದಿನ ತೊಟ್ಟಿಲು ತರಲು ಹೊರಟೆವು. ಪೇಟೆಯೊಳಗೆ ಕಟ್ಟಿಗೆಯ ತೊಟ್ಟಿಲು ಮಾಡುವವರು ಇದ್ದಾರೆ, ಅಲ್ಲಿಗೆ ಹೋಗಮು ಎಂದೆ.

"ಇಲ್ಲಕ್ಕಾ, ಲಕ್ಷ್ಮಿ ಫೋಟೋ ಕಳಿಸ್ಯಾಳ. ಆಕಿ ನಾದಿನಿ ಇಂಥಾದೇ ತಗೊಂಡಾಳಂತ, ಹೊಳಿದಂಡಿ ಮಾಲ್‌ದಾಗ."

"ನಾದಿನಿ ತಗೊಂಡ್ರ ಲಕ್ಷ್ಮಿ ಕೂಸಿಗಿ ನಿದ್ದಿ ಬರ್ತದೇನು?"

"ನೀ ಬರ್ತಿಯೋ ಇಲ್ಲೋ ಹೇಳು."

ಹೋದೆ. ಮಾಲಿನ ಬಾಗಿಲಲ್ಲಿ ನನ್ನ ಚೀಲವನ್ನು ಯಂತ್ರದೊಳಗೆ ತೂರಿಸಿದರು. ಯಂತ್ರದ ಮುಂದೆ ಕೂತವಳು ಪರದೆಯಲ್ಲಿ ನನ್ನ ರೊಟ್ಟಿಯ ಗಂಟನ್ನು ಬಹಳ ಹೊತ್ತು ನೋಡಿದಳು. ಒಳಗೆ ಬರೀ ಥಂಡಿ. ಹೊರಗೆ ಪುಕ್ಕಟೆ ಸಿಗುವ ಥಂಡಿಗೆ ಒಳಗೆ ಕರೆಂಟು ಸುಡುತ್ತಿದ್ದರು. ನಡೆಯುವ ಮೆಟ್ಟಿಲಿಗೆ ನಾವು ಹೆದರಲಿಲ್ಲ. ಬಿದಿರು ಕಟ್ಟಿದ ಅಟ್ಟಣಿಗೆಯ ಮೇಲೆ ತಲೆಯ ಮೇಲೆ ಬುಟ್ಟಿ ಹೊತ್ತು ನಡೆದವರಿಗೆ ಅದೇನು? ಆದರೆ ಶರಣಮ್ಮ ಅದರ ಮೇಲೆ ನಿಂತು ಸುತ್ತ ನೋಡುತ್ತ, "ಅಕ್ಕಾ, ಇಲ್ಲಿ ಮೆಟ್ಟಲಾ ಒರಸೋರು ಎಲ್ಲಿ ನಿಂದ್ರತಾರ? ತಾನೇ ಓಡಿ ಹೋಗ್ತದ," ಎಂದಳು. ನನಗೂ ಅದೇ ಯೋಚನೆ ಬಂದಿತ್ತು.

ಒಂದು ಅಂಗಡಿಯಲ್ಲಿ ಜೋಳದ ಹಿಟ್ಟನ್ನು ಬಣ್ಣದ ಚೀಲದಲ್ಲಿ ಕಟ್ಟಿ ಮಾರುತ್ತಿದ್ದರು. ಶರಣಮ್ಮ ಮೇಲಿನಿಂದಲೇ ಅಮುಕಿ ನೋಡಿ, "ಹಳೀದು. ಬಡದ್ರ ಹರೀತದ," ಎಂದು ಅಲ್ಲಿಯೇ ಇಟ್ಟಳು. ಪಕ್ಕದಲ್ಲಿ ನಿಂತಿದ್ದ ಒಬ್ಬ ಹೆಂಗಸು ತನ್ನ ಗಾಡಿಗೆ ಹಾಕಿಕೊಂಡಿದ್ದ ಚೀಲವನ್ನು ಸುಮ್ಮನೆ ತೆಗೆದಿಟ್ಟಳು. ಕನ್ನಡದವಳೇ ಇರಬೇಕು.

ಮಕ್ಕಳ ಸಾಮಾನಿನ ಅಂಗಡಿ ಮೇಲಿನ ಮಹಡಿಯಲ್ಲಿತ್ತು. ಫೋಟೋದ ತೊಟ್ಟಿಲು ಅಲ್ಲಿಯೇ ಎದುರಿಗೆ ಇತ್ತು. ನುಣುಪು ಕಟ್ಟಿಗೆ, ಸೊಳ್ಳೆಪರದೆ, ಅದರದೇ ಕಾಲು, ಕಾಲಿಗೆ ಗಾಲಿ. ನನಗೆ ಕಾಲು ನೋಡಿ ಸಿಟ್ಟು ಬಂತು.

"ಶರಣೀ, ನಮ್ಮ ಕೊಕ್ಕಿಗಿ ಹಾಕೋದು ಬೇಕು. ಈ ಕಾಲಿಂದು ಎದಕ್ಕ? ಖೋಲಿ ತುಂಬ ಇದೇ ಆಗ್ತದ. ನಾವು ಎಲ್ಲಿ ಮಲಗಮು?"

"ತಡಿ, ನೋಡಮು," ಎಂದಳು. ನನ್ನ ಕಡೆ ನೋಡಲಿಲ್ಲ.

ಅಂಗಡಿಯ ಹುಡುಗಿ ನಗುತ್ತ ಬಂದಳು. ಹಿಂದಿಯಲ್ಲಿ ಏನೇನೋ ಹೇಳುತ್ತ, ಎಷ್ಟು ಹಗುರ ನೋಡಿ ಎನ್ನುವಂತೆ ಒಂದು ಬೆರಳು ಹಚ್ಚಿ ತೊಟ್ಟಿಲನ್ನು ತೂಗಿದಳು. ಖಾಲಿ ತೊಟ್ಟಿಲು ಸದ್ದಿಲ್ಲದೆ ಅತ್ತ ಹೋಯಿತು, ಇತ್ತ ಬಂತು.

"ತೂಗಬ್ಯಾಡ!" ಎಂದು ಶರಣಮ್ಮ ಚೀರಿದಳು. ಹುಡುಗಿಯನ್ನು ಒತ್ತಟ್ಟಿಗೆ ನೂಕಿ ಎರಡೂ ಕೈಯಿಂದ ತೊಟ್ಟಿಲನ್ನು ಹಿಡಿದು ನಿಲ್ಲಿಸಿದಳು. "ತೂಗಬ್ಯಾಡ, ಯವ್ವಾ, ತೂಗಬ್ಯಾಡ!"

ಅಂಗಡಿಯ ಮಂದಿಯೆಲ್ಲ ತಿರುಗಿ ನೋಡಿದರು. ಹುಡುಗಿಗೆ ಕನ್ನಡ ಬಾರದು, ಮುಖ ಬಿಳುಪೇರಿತು. ನಾನು ನನ್ನ ಚೀಲವನ್ನು ತೆಗೆದು ತೊಟ್ಟಿಲೊಳಗೆ ಇಟ್ಟೆ. ರೊಟ್ಟಿ ಗಂಟು, ನೀರಿನ ಬಾಟಲಿ, ಛತ್ರಿ ಎಲ್ಲ ಕೂಡಿ ಒಂದು ಕೂಸಿನಷ್ಟು ಭಾರ ಇತ್ತು. ಈಗ ಖಾಲಿಯಲ್ಲ. ಆಮೇಲೆ ನನಗೆ ಬರುವ ಹರಕು ಹಿಂದಿಯಲ್ಲಿ ಹುಡುಗಿಗೆ ವಿಷಯ ತಿಳಿಸಿದೆ. ಅವಳು ತಪ್ಪಾಯಿತು ಎಂದು ಕಿವಿ ಮುಟ್ಟಿಕೊಂಡಳು. ಒಳ್ಳೆಯ ಹುಡುಗಿ. ಅವಳ ತಪ್ಪೇನಿತ್ತು?

ಶರಣಮ್ಮ ಹಿಡಿದ ತೊಟ್ಟಿಲಿನ ಅಂಚು ಬಿಡಲಿಲ್ಲ. "ಅಕ್ಕಾ, ಇದು ಬ್ಯಾಡ. ಬಂದ ಬಂದವರಿಗೆಲ್ಲ ಹಿಂಗೇ ತೂಗಿ ತೋರ್ಸಿರ್ತಾಳ."

ಇದು ತೋರಿಸುವುದಕ್ಕೆ ಇಟ್ಟದ್ದು, ನಿಮ್ಮದು ಹೊಸ ಡಬ್ಬಿಯಲ್ಲಿ ಬರುತ್ತದೆ ಎಂದಳು ಹುಡುಗಿ. ಡಬ್ಬಿ ತಂದು ತೋರಿಸಿದಳು. ಬಾಗಿಲ ಹಲಗೆಯ ಹಾಗೆ ಚಪ್ಪಟೆ. ಒಳಗೆ ಬಿಡಿಬಿಡಿ ಕಟ್ಟಿಗೆ, ಮೊಳೆ. ಕಾರಿಗರನೇ ಮನೆಗೆ ಬಂದು ಜೋಡಿಸಿಕೊಡುತ್ತಾನಂತೆ.

"ಇದು ತೊಟ್ಟಿಲ ಅಲ್ಲ, ಕಟ್ಟಿಗಿ," ಎಂದೆ. "ಕಟ್ಟಿಗಿ ಖಾಲಿ ಇದ್ರೇನು, ತುಂಬಿದ್ರೇನು? ನಡಿ."

"ಜೋಡಿಸಿದವ ಏನ್ ಮಾಡ್ತಾನ? ಸರಿ ಅದಾ ಇಲ್ಲಾ ಅಂತ ಒಮ್ಮಿ ತೂಗಿ ನೋಡ್ತಾನ. ಆಗ?"

ಅದು ನಿಜ. ತೂಗಿ ನೋಡದೆ ಯಾವ ಕೆಲಸಗಾರನೂ ಎದ್ದು ಹೋಗುವುದಿಲ್ಲ. ನಾನೂ ಕೊಕ್ಕೆಗೆ ಜೋತುಬಿದ್ದು ನೋಡಿದವಳೇ.

"ಗುಂಡಪ್ಪ ಬೇಕು," ಎಂದಳು ಶರಣಮ್ಮ. "ಈ ಡಬ್ಬಿಯೊಳಗೇ ಗುಂಡಪ್ಪ ಇರ್ಬೇಕು. ಜೋಡಿಸಿದವ ಮೊದಲ ಅದನ್ನ ಒಳಗ ಇಟ್ಟು ಆಮ್ಯಾಲ ತೂಗ್ಬೇಕು."

ಹೆಸರಿಡುವ ದಿನ ನಮ್ಮಲ್ಲಿ ಕೂಸಿಗಿಂತ ಮೊದಲು ತೊಟ್ಟಿಲಿಗೆ ಕಲ್ಲು ಹಾಕುತ್ತಾರೆ. ರುಬ್ಬುವ ಗುಂಡನ್ನು ತೊಳೆದು, ಕುಲಾಯಿ ಹಾಕಿ, ಕೂಸಿನ ಹಾಗೆ ಮಲಗಿಸುತ್ತಾರೆ. ಬರುವ ಕೇಡೆಲ್ಲ ಅದಕ್ಕೆ ಬರಲಿ, ಕಲ್ಲಿನ ಹಾಗೆ ಕೂಸು ಗಟ್ಟಿಯಾಗಲಿ ಎಂದು. ಆ ಕಲ್ಲಿಗೇ ಗುಂಡಪ್ಪ ಎನ್ನುವುದು. ಖೋಲಿಯಲ್ಲಿ ನಮ್ಮ ರುಬ್ಬುಗುಂಡು ಇತ್ತು. ಆದರೆ ಡಬ್ಬಿಗೆ ಪಟ್ಟಿ ಹಚ್ಚಿ ಮುಚ್ಚುವುದು ಇಲ್ಲಿ, ಕಲ್ಲೂ ಇಲ್ಲಿಯೇ ಬೇಕು.

ಅಷ್ಟು ದೊಡ್ಡ ಮಾಲಿನಲ್ಲಿ ಎಲ್ಲ ಸಿಗುತ್ತದೆ, ಒಂದು ಕಲ್ಲು ಸಿಗುವುದಿಲ್ಲ. ಪಾತ್ರೆಯ ಅಂಗಡಿಯಲ್ಲಿ ಬಿಳಿಕಲ್ಲಿನ ಕುಟ್ಟಾಣಿ ಇತ್ತು. ಶರಣಮ್ಮ ಅದರ ಗೂಟವನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, "ಸಣಕಲು. ಹೊಟ್ಟಿಗಿಲ್ಲದ ಕೂಸಿನಂಗದ," ಎಂದು ಬಿಟ್ಟಳು.

ಮಾಲಿನ ಹಿಂದೆ ಹೊಳೆಗೆ ಮುಖ ಮಾಡಿ ಅಡ್ಡಾಡುವ ಜಾಗ ಮಾಡಿದ್ದಾರೆ. ಕುರ್ಚಿಗಳು, ಕುಂಡಗಳು, ಕುಂಡದ ಬುಡದಲ್ಲಿ ದುಂಡನೆಯ ಬಿಳಿ ಕಲ್ಲುಗಳು. ಹುಡುಗ ಹುಡುಗಿಯರು ಹೊಳೆಯ ಕಡೆ ಬೆನ್ನು ಮಾಡಿ ಫೋಟೋ ಹೊಡೆದುಕೊಳ್ಳುತ್ತಿದ್ದರು. ಫೋಟೋದಲ್ಲಿ ನಾತ ಬರುವುದಿಲ್ಲ. ನಾನು ಕೂತು ಒಂದೊಂದೇ ಕಲ್ಲನ್ನು ತಿರುವಿ ನೋಡಿ ಕೂಸಿನ ತಲೆಯಷ್ಟು ದೊಡ್ಡದನ್ನು ಆರಿಸಿ ಟವೆಲಿನಲ್ಲಿ ಸುತ್ತಿದೆ. ಹಿಂದಿನಿಂದ ಸೀಟಿ ಕೇಳಿತು.

"ಓ ಮಾವ್ಶೀ! ಥಾಂಬಾ! ದಗಡ ಕುಠೇ ನೇತಾಯ್?" ಕಾವಲಿನವನು. ಕಲ್ಲು ಎಲ್ಲಿಗೆ ಒಯ್ಯುತ್ತೀರಿ ಎಂದು ಕೇಳುತ್ತಿದ್ದ. ವಯಸ್ಸಾದ ಮನುಷ್ಯ, ತಲೆಗೆ ಟೊಪ್ಪಿಗೆ, ಮೈಗೆ ದೊಡ್ಡದಾದ ಸಮವಸ್ತ್ರ.

ಶರಣಮ್ಮ ನನ್ನ ಹಿಂದೆ ಸರಿದಳು. ಬೈಸಿಕೊಳ್ಳುವ ಕೆಲಸ ಯಾವಾಗಲೂ ನನ್ನದೇ. ನಾನು ಮರಾಠಿಯಲ್ಲಿ, "ಬಾರಶಾಲಾ," ಎಂದೆ. ಅವರ ಮಾತಿನಲ್ಲಿ ಹೆಸರಿಡುವುದಕ್ಕೆ ಬಾರಸೆ ಎನ್ನುತ್ತಾರೆ.

ಅವನ ಮುಖ ಬದಲಾಯಿತು. "ಮುಲಗಾ ಕೀ ಮುಲಗೀ?"

"ಮುಲಗೀ," ಎಂದಳು ಹಿಂದಿನಿಂದ ಶರಣಮ್ಮ, ನನಗಿಂತ ಮುಂಚೆ. ಹೆಣ್ಣು.

ಅವನು ಟವೆಲು ಬಿಚ್ಚಿ ಉಗುರಿನಿಂದ ಕಲ್ಲನ್ನು ಕೆರೆದ. ಬಿಳಿ ಬಣ್ಣ ಪುಡಿಪುಡಿಯಾಗಿ ಬಂತು. ಬಣ್ಣ ಹಚ್ಚಿದ ಕಲ್ಲು! ಇದನ್ನು ಕೂಸಿನ ಹತ್ತಿರ ಇಡಬೇಡಿ ಎಂದು ಹೇಳಿ, ಕಂಬಿಯ ಸಣ್ಣ ಬಾಗಿಲು ತೆಗೆದು ನೀರಿನ ಅಂಚಿಗೆ ಇಳಿದ. ಬರುವಾಗ ಕೈಯಲ್ಲಿ ಕಪ್ಪನೆಯ ನುಣ್ಣನೆಯ ಕಲ್ಲು ಇತ್ತು. ಗಿಡಗಳ ನಲ್ಲಿಯಲ್ಲಿ ತಿಕ್ಕಿ ತೊಳೆದು ಶರಣಮ್ಮನ ಕೈಗೆ ಕೊಟ್ಟ. ತಾನು ಸಾಸವಡದವನು, ತಮ್ಮಲ್ಲೂ ಮೊದಲು ಕಲ್ಲನ್ನೇ ಮಲಗಿಸುವುದು, ತನ್ನ ಮೊಮ್ಮಗಳ ಬಾರಸೆಗೆ ರಜೆ ಸಿಗಲಿಲ್ಲ ಎಂದ. ನಾವು ಏನೂ ಕೇಳಿರಲಿಲ್ಲ. ಹೇಳಿದ, ಸೀಟಿ ಊದುತ್ತ ಆ ಕಡೆ ಹೋದ.

ಶರಣಮ್ಮ ಆ ಕಲ್ಲನ್ನು ಸೆರಗಿನಲ್ಲಿ ಇಟ್ಟುಕೊಂಡು ನಡೆದಳು. ನಡೆಯುವ ಮೆಟ್ಟಿಲ ಮೇಲೆ ಅದರ ಬೆನ್ನು ತಟ್ಟುತ್ತಿದ್ದಳು. ನಾನು ನೋಡಿದೆ, ಅವಳಿಗೆ ಗೊತ್ತಾಗಲಿಲ್ಲ.

ಅಂಗಡಿಯ ಹುಡುಗಿ ಯಾರನ್ನೋ ಕೇಳಿ ಬಂದು, ಡಬ್ಬಿಯೊಳಗೆ ಕಲ್ಲಿಗೆ ಜಾಗ ಮಾಡಿ, ಸುತ್ತಲೂ ಕಾಗದ ತುರುಕಿ, ಅಗಲ ಪಟ್ಟಿ ಹಚ್ಚಿ ಮುಚ್ಚಿದಳು. ಬೆಲೆ ಹೇಳುವುದಿಲ್ಲ, ಶರಣಮ್ಮ ಕೊಟ್ಟಳು. ಆಮೇಲೆ ಹುಡುಗಿ ಕಂಪ್ಯೂಟರಿನ ಮುಂದೆ ಕೂತು, ಮನೆ ಎಲ್ಲಿ ಎಂದು ಕೇಳಿದಳು.

ನಾನು ಬಾಯಿ ತೆರೆದೆ. ನಮ್ಮ ಖೋಲಿಗೆ ದಾರಿ ಹೇಳುವುದು ಸುಲಭವಲ್ಲ. ಹಿಟ್ಟಿನ ಗಿರಣಿಯ ಹಿಂದೆ, ನೀರಿನ ಟಾಕಿಯ ಎಡಕ್ಕೆ, ಗಾಡಿ ಒಳಗೆ ಬರುವುದಿಲ್ಲ, ಓಣಿಯ ಬಾಯಿಗೆ ಬಂದು ಫೋನು ಮಾಡಬೇಕು. ಬಸ್ಸಿನಲ್ಲಿ ಬರುವಾಗಲೇ ಅದನ್ನೆಲ್ಲ ಹಿಂದಿಯಲ್ಲಿ ಜೋಡಿಸಿ ಇಟ್ಟುಕೊಂಡಿದ್ದೆ.

"ರಾಂಜಣಗಾಂವ," ಎಂದಳು ಶರಣಮ್ಮ.

ಆಮೇಲೆ ಕಟ್ಟಡದ ಹೆಸರು ಹೇಳಿದಳು. ರಸ್ತೆ ಹೇಳಿದಳು, ಎದುರಿಗಿರುವ ಔಷಧಿ ಅಂಗಡಿ ಹೇಳಿದಳು, ಪಿನ್ನು ನಂಬರು ಕೂಡ ಹೇಳಿದಳು. ಎಲ್ಲೂ ತಡವರಿಸಲಿಲ್ಲ. ಅಷ್ಟು ಉದ್ದದ ವಿಳಾಸ ಒಂದು ದಿನದಲ್ಲಿ ಬಾಯಿಗೆ ಬರುವುದಿಲ್ಲ. ಹೇಳಿ ಮುಗಿಸಿ ನನ್ನ ಮುಖ ನೋಡಿದಳು.

"ಎಷ್ಟನೇ ಮಹಡಿ ಅಂತ ಹೇಳು," ಎಂದೆ. "ಇಲ್ಲಾಂದ್ರ ಆ ಮನಷ್ಯಾ ಎಲ್ಲಾ ಬಾಗಲಾ ಬಡೀತಾನ."

"ಎರಡನೇದು," ಎಂದಳು ಹುಡುಗಿಗೆ.

ಹೊಳೆಯ ಕಡೆಯ ಕಟ್ಟೆಯ ಮೇಲೆ ಕೂತು ರೊಟ್ಟಿ ಬಿಚ್ಚಿದೆವು. ಕುರ್ಚಿಗಳೆಲ್ಲ ಏನಾದರೂ ಕೊಂಡು ತಿನ್ನುವವರಿಗಂತೆ. ಶರಣಮ್ಮ ತುಂಡು ಮುರಿದು ಕೈಯಲ್ಲೇ ಇಟ್ಟುಕೊಂಡಿದ್ದಳು.

"ಅಲ್ಲಿ ಬಿಸಿನೀರಿಂದು ಮಷೀನ್ ಅದ, ಅಕ್ಕಾ."

"ಹ್ಞೂ."

"ತಗಡಿನಾಗ ಥಂಡಿ. ಎಳೀ ಕೂಸು."

"ಥಂಡಿ ಅದ."

"ಅಳಿಯಾನೂ ಅಲ್ಲೇ ಆಗಲಿ ಅಂದ. ಮುಂಜಾನೆ ಸಂಜಿ ಕೂಸಿನ ಮಾರಿ ನೋಡ್ತೀನಿ ಅಂದ. ಏನ್ ಅನ್ಲಿ ನಾ?"

"ಏನ್ ಅಂತಿ? ಆತನ ಕೂಸು."

"ಐದು ತಿಂಗಳಾ. ಐದು ತಿಂಗಳಾ ಆದ ಮ್ಯಾಲ ಬಂದುಬಿಡ್ತೀನಿ."

"ಪಲ್ಯ ಹಚ್ಕೊಂಡು ತಿನ್ನು. ಒಣ ರೊಟ್ಟಿ ಗಂಟಲಾಗ ಸಿಗ್ತದ."

ಹೊಳೆಯಲ್ಲಿ ಹಸಿರು ಅಂತರಗಂಗೆ ದಂಡೆಯ ತನಕ ಹಬ್ಬಿಕೊಂಡು, ನೀರು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಒಂದು ಬೆಳ್ಳಕ್ಕಿ ಅದರ ಮೇಲೇ ನಡೆದುಕೊಂಡು ಹೋಗುತ್ತಿತ್ತು. ನಿದ್ದೆಯಲ್ಲೂ ಮಾತಾಡುವವಳು ಅಂದು ಬಸ್ಸಿನಲ್ಲಿ ಇಡೀ ದಾರಿ ಸುಮ್ಮನೆ ಕೂತಿದ್ದಳು. ನನಗೆ ನೀನೂ ಬಾ ಎನ್ನಲಿಲ್ಲ. ಅಂದಿದ್ದರೂ ನಾನು ಹೋಗುತ್ತಿರಲಿಲ್ಲ. ಅನ್ನಬಹುದಿತ್ತು.

ಎರಡು ದಿನ ಬಿಟ್ಟು ಶರಣಮ್ಮ ರಾಂಜಣಗಾಂವಕ್ಕೆ ಹೋದಳು. ಶಗಡಿ ಒಯ್ಯಿ ಎಂದೆ, ಫ್ಲಾಟಿನಲ್ಲಿ ಹೊಗೆ ಮಾಡಿದರೆ ಬೈಯುತ್ತಾರೆ ಎಂದಳು. ಅಂಟಿನುಂಡಿಯ ಡಬ್ಬಿ ಒಯ್ದಳು. ಟ್ರಂಕು ಬಿಟ್ಟುಹೋದಳು, ಬರುವವಳಲ್ಲವೇ ಎಂದು. ಹೆಸರಿಡುವುದಕ್ಕೆ ಬಾ ಎಂದು ಫೋನು ಬಂತು. ಸೊಸಾಯಿಟಿಯಲ್ಲಿ ರಜೆ ಕೇಳಿದ್ದರೆ ಕೊಡುತ್ತಿದ್ದರು. ಕೇಳಲಿಲ್ಲ. ಹೆಸರಿಟ್ಟ ದಿನ ರಾತ್ರಿ ಶರಣಮ್ಮ ಮತ್ತೆ ಫೋನು ಮಾಡಿ, ಜೋಡಿಸಲು ಬಂದ ಕಾರಿಗರನು ಡಬ್ಬಿಯೊಳಗಿನ ಕಲ್ಲು ನೋಡಿ ತೂಕಕ್ಕೆ ಮೋಸ ಮಾಡಿದ್ದಾರೆ ಎಂದು ಅಂಗಡಿಯವರಿಗೇ ಫೋನು ಹಚ್ಚಿದ್ದನ್ನು ಹೇಳಿ ಹೇಳಿ ನಕ್ಕಳು. ನಾನೂ ನಕ್ಕೆ. ಫೋನು ಇಟ್ಟ ಮೇಲೆ ಖೋಲಿ ಅಷ್ಟೇ ಇತ್ತು.

ಆ ವರ್ಷದ ಥಂಡಿ ಬಹಳ ದಿನ ನಿಂತಿತು. ತಗಡು ರಾತ್ರಿಯೆಲ್ಲ ಟಕ್ ಟಕ್ ಎನ್ನುತ್ತಿತ್ತು. ಒಬ್ಬಳಿಗೆ ಅಡುಗೆ ಮಾಡುವುದು ಕಷ್ಟ. ಹಿಟ್ಟು ನಾದಿದರೆ ಅಂಗೈಗೆ ಹತ್ತುವಷ್ಟೂ ಇರುವುದಿಲ್ಲ, ಪಲ್ಯ ಮಾಡಿದರೆ ಮೂರು ಹೊತ್ತು ಅದೇ. ನನಗೆ ರೊಟ್ಟಿ ಬಡಿಯುವ ಕೈಯೂ ಇಲ್ಲ. ಅನ್ನ ಮಾಡಿಕೊಂಡೆ. ಸಂಜೆ ಬಾಗಿಲು ಹಾಕಿದರೆ ಮರುದಿನ ಗೇಟಿನ ವಾಚಮನ್ನನಿಗೆ ನಮಸ್ಕಾರ ಹೇಳುವ ತನಕ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಆ ನಮಸ್ಕಾರವೂ ಕೆಮ್ಮಿನ ಹಾಗೆ ಬರುತ್ತಿತ್ತು. ನಮ್ಮ ಕಡೆಯ ಇಬ್ಬರು ಹೆಂಗಸರು ಬೇರೆ ಬೇರೆ ದಿನ ಬಂದು ಖೋಲಿಯಲ್ಲಿ ಜಾಗ ಇದೆಯೇ ಎಂದು ಕೇಳಿದರು. ಶರಣಮ್ಮ ಬರುತ್ತಾಳೆ ಎಂದು ಇಬ್ಬರನ್ನೂ ಕಳಿಸಿದೆ.

ಯುಗಾದಿ ಆಯಿತು. ಬಿಸಿಲಿಗೆ ತಗಡು ಕಾದು ಒಳಗೆ ಕೂಡಲಾಗದ ದಿನಗಳು ಬಂದವು. ಐದು ತಿಂಗಳು ಮುಗಿದವು. ಲಕ್ಷ್ಮಿಗೆ ಅಲ್ಲೇ ಒಂದು ಕಂಪನಿಯಲ್ಲಿ ಡಬ್ಬಿ ಕಟ್ಟುವ ಕೆಲಸ ಸಿಕ್ಕಿತು. ಇನ್ನೊಂದು ತಿಂಗಳು ಎಂದಳು ಶರಣಮ್ಮ ಫೋನಿನಲ್ಲಿ. ಆಮೇಲೆ ಅದನ್ನೂ ಹೇಳುವುದು ಬಿಟ್ಟಳು. ಮೊದಲ ಮಳೆ ಬಿದ್ದ ವಾರ ನಾನೇ ಅವಳ ಟ್ರಂಕು ಹೊತ್ತುಕೊಂಡು ರಾಂಜಣಗಾಂವಕ್ಕೆ ಹೋದೆ. ಮಳೆನೀರು ಒಳಗೆ ಬರುತ್ತಿತ್ತು, ಟ್ರಂಕಿನ ತಳ ತುಕ್ಕು ಹಿಡಿಯುತ್ತಿತ್ತು.

ಬಾಗಿಲು ತೆಗೆದ ಶರಣಮ್ಮ ಟ್ರಂಕನ್ನು ನೋಡಿದಳು, ನನ್ನನ್ನು ನೋಡಿದಳು. ಒಳಗೆ ಕರೆದು ಚಹಾ ಮಾಡಿದಳು. ಮನೆ ಚಲೋ ಇತ್ತು. ಬಿಳಿ ಗೋಡೆ, ನೆಲಕ್ಕೆ ಟೈಲ್ಸು. ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಕೂಸು ಅವಳ ತೊಡೆಯ ಮೇಲೆ ಮಲಗಿತ್ತು, ಸೆರಗಿನ ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತ್ತು.

"ಹಗಲೆಲ್ಲ ನಾವಿಬ್ಬರೇ," ಎಂದಳು. "ಎದುರು ಮನ್ಯಾಗಿನವರು ಮರಾಠಿ. ಬಾಗಲಾ ತೆಗಿಯಂಗಿಲ್ಲ. ಲಕ್ಷ್ಮಿ ಬಂದ್ರ ದಣದು ಬರ್ತಾಳ, ಉಂಡು ಮಲಗ್ತಾಳ. ಈಕಿ ಜೋಡಿ ಮಾತಾಡ್ತೀನಿ, ಈಕಿ ಹೊಳ್ಳಿ ಮಾತಾಡಂಗಿಲ್ಲ. ಹೊತ್ತೇ ಹೋಗಂಗಿಲ್ಲ, ಅಕ್ಕಾ."

ನಾನು ಚಹಾ ಕುಡಿದೆ.

"ಒಂದು ಕೇಳ್ತೀನಿ. ಅವತ್ತು ಮಾಲ್‌ದಾಗ ನಾ ಅಡ್ರೆಸ್ ಹೇಳಿದಾಗ ನೀ ಯಾಕ ಸುಮ್ಮನಿದ್ದಿ?"

"ಏನ್ ಅನ್ಬೇಕಿತ್ತು?"

"ಬ್ಯಾಡ ಅನ್ಬೇಕಿತ್ತು. ನಮ್ಮ ಖೋಲಿಗೇ ಬರಲಿ ಅನ್ಬೇಕಿತ್ತು. ಕೊಕ್ಕಿ ಹಚ್ಚಿಸಿದಾಕಿ ನೀನು. ಒಂದು ಮಾತು ಅಂದಿದ್ರ ಅಲ್ಲೇ ನಿಂತು ಬದಲ್ ಮಾಡ್ತಿದ್ದೆ. ನಿನ್ನ ಮಾರಿ ನೋಡ್ದೆ ನಾ. ನೀ ಎಷ್ಟನೇ ಮಹಡಿ ಅಂತ ಕೇಳ್ದಿ."

"ಅಡ್ರೆಸ್ ಬಾಯಿಪಾಠ ಮಾಡ್ಕೊಂಡು ಬಂದಾಕಿ ನೀನು."

"ಹೌದು, ನಾನೇ." ಕಣ್ಣು ಒರೆಸಿಕೊಳ್ಳಲಿಲ್ಲ, ಹಾಗೇ ಬಿಟ್ಟಳು. "ಆತು. ಈಗರೆ ಹೇಳು. ಬಾ ಅನ್ನು, ಲಕ್ಷ್ಮಿ ಬಂದ ಕೂಡಲೇ ಹೇಳ್ತೀನಿ. ಆಕಿ ಯಾರನ್ನರೆ ಇಟ್ಕೋತಾಳ. ಈ ಟ್ರಂಕ್ ಬಿಚ್ಚಂಗಿಲ್ಲ ನಾ. ಹಿಂಗೇ ಹೊತ್ಕೊಂಡು ನಿನ್ನ ಹಿಂದ ಬರ್ತೀನಿ."

ಖರೇ ಹೇಳುತ್ತಿದ್ದಳು. ಬಾ ಎಂದರೆ ಬರುತ್ತಿದ್ದಳು. ಲಕ್ಷ್ಮಿ ಯಾರನ್ನು ಇಟ್ಟುಕೊಳ್ಳುತ್ತಾಳೆ? ಕೆಲಸ ಬಿಡುತ್ತಾಳೆ. ಅಲ್ಲಿ ಖೋಲಿಯ ನಡುವೆ ಮಳೆನೀರಿಗೆ ಎರಡು ಬೋಗುಣಿ ಇಟ್ಟು ಬಂದಿದ್ದೆ. ಕೂಸು ನಿದ್ದೆಯಲ್ಲಿ ಮುಷ್ಟಿ ಎಳೆದುಕೊಂಡಿತು, ಸೆರಗೂ ಜೊತೆಗೆ ಹೋಯಿತು, ಶರಣಮ್ಮ ಆ ಕಡೆ ಬಾಗಿದಳು. ಬಾಗಿದ್ದು ಅವಳಿಗೆ ತಿಳಿಯಲೂ ಇಲ್ಲ.

"ಹೆಂಗ ಬರ್ತಿ?" ಎಂದೆ. "ಜಾಗ ಎಲ್ಲದ? ನಿನ್ನ ಜಾಗದಾಗ ಹಣಮವ್ವ ಬಂದಾಳ."

"ಯಾವ ಹಣಮವ್ವ?"

"ನಿನಗ ಗೊತ್ತಿಲ್ಲ."

"ಯಾವಾಗ ಬಂದಳು?"

"ಯುಗಾದಿ ಮುಂದ."

"ಫೋನಿನಾಗ ಹೇಳಲಿಲ್ಲ ನೀ?"

"ನೀ ಕೇಳಲಿಲ್ಲ."

ಒಳಗೆ ಕುಕ್ಕರು ಸೀಟಿ ಹೊಡೆಯಿತು. ಶರಣಮ್ಮ ಎದ್ದು ಹೋಗಲಿಲ್ಲ. ಇನ್ನೊಮ್ಮೆ ಹೊಡೆಯಿತು.

"ಗೊರಕಿ ಹೊಡೀತಾಳೇನು?" ಎಂದು ಕೇಳಿದಳು.

"ಹೊಡೀತಾಳ. ಭಾಳ."

"ಅನುಭವಿಸು. ನಾ ಮಾತಾಡ್ತೀನಂತ ಬೈತಿದ್ದಿ." ನಗಲು ನೋಡಿದಳು. "ಹಂಗಾರ ಚಲೋ ಆತು. ನಾ ಅಂಜ್ಲಕತ್ತಿದ್ದೆ, ಒಬ್ಬಾಕೀನೇ ಇರ್ತಿ ಅಂತ."

ಟ್ರಂಕನ್ನು ಗೋಡೆಯ ಬದಿಗೆ ತಳ್ಳಿ, ಅದರ ಮೇಲೆ ಕೂಸಿನ ಬಟ್ಟೆ ಮಡಚಿಟ್ಟಳು. ಬಸ್ಸಿನ ತನಕ ಬಂದಳು, ಕೂಸನ್ನು ಎತ್ತಿಕೊಂಡು, ಛತ್ರಿ ಹಿಡಿದು. ಬಸ್ಸು ಬರುವ ಹೊತ್ತಿಗೆ, "ಹಣಮವ್ವನ ಊರು ಯಾವುದು?" ಎಂದಳು. ಗದ್ದಲದಲ್ಲಿ ಕೇಳಿಸದವಳ ಹಾಗೆ ಹತ್ತಿದೆ.

ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಶಿಕ್ರಾಪುರ ದಾಟುವ ತನಕ ಯೋಚಿಸಿದೆ. ಮುಂದಿನ ಫೋನಿನಲ್ಲಿ ಕೇಳಿಯೇ ಕೇಳುತ್ತಾಳೆ, ಬಿಡುವವಳಲ್ಲ. ಸುರಪುರದ ಕಡೆಯವಳು ಎಂದು ಇಟ್ಟುಕೊಂಡೆ. ಗಂಡನಿಲ್ಲ. ಒಬ್ಬ ಮಗನಿದ್ದಾನೆ ಎನ್ನಲೇ? ಬೇಡ, ಮಗನಿದ್ದರೆ ಅವನ ಸುದ್ದಿಯನ್ನೂ ಕೇಳುತ್ತಾಳೆ. ಮಕ್ಕಳಿಲ್ಲ. ಮಾತು ಕಮ್ಮಿ. ಪಲ್ಯಕ್ಕೆ ಉಪ್ಪು ಹೆಚ್ಚು ಹಾಕುತ್ತಾಳೆ. ಅದೊಂದು ಬಿಟ್ಟರೆ ಒಳ್ಳೆಯವಳು.